ಈರುಳ್ಳಿ ಬೇರಿನ ಮೇಲೆ ವೈಫೈ ತರಂಗದ ಪರಿಣಾಮ: ಪರೀಕ್ಷೆ ಮಾಡುವ ಬಗೆ

ರೌಟರ್ ಪಕ್ಕ ಇಟ್ಟ ಸಸಿ ಸೊರಗಿದರೆ ಅದಕ್ಕೆ ತರಂಗವೇ ಕಾರಣ ಎನ್ನಲಾಗದು. ರೌಟರ್ ಬಿಸಿಯಾಗುತ್ತದೆ, ಆ ಬಿಸಿಗೆ ತಟ್ಟೆಯ ನೀರು ಆರುತ್ತದೆ. 2013ರಲ್ಲಿ ಡೆನ್ಮಾರ್ಕಿನ ಶಾಲಾ ವಿದ್ಯಾರ್ಥಿನಿಯರು ರೌಟರ್ ಬಳಿ ಇಟ್ಟ ಕ್ರೆಸ್ ಎಂಬ ಸೊಪ್ಪಿನ ಬೀಜಗಳು ಸರಿಯಾಗಿ ಬೆಳೆಯದೆ ಸುದ್ದಿಯಾದಾಗ ಎದ್ದ ಆಕ್ಷೇಪಗಳಲ್ಲಿ ಇದೂ ಒಂದು. ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗದ ಒಂದು ಫೋಟಾನಿನ (ತರಂಗ ಹೊರುವ ಶಕ್ತಿಯ ಅತಿ ಚಿಕ್ಕ ತುಣುಕಿನ) ಶಕ್ತಿ ರಾಸಾಯನಿಕ ಬಂಧ ಮುರಿಯಲು ಬೇಕಾದ ಶಕ್ತಿಯ ಲಕ್ಷದಲ್ಲೊಂದು ಪಾಲೂ ಇಲ್ಲ. ಹಾಗಾಗಿ ಮೊದಲು ಶಂಕಿಸಬೇಕಾದದ್ದು ಶಾಖವನ್ನು. ಇಡೀ ಪರೀಕ್ಷೆಯನ್ನು ಅದರ ಸುತ್ತಲೇ ಕಟ್ಟಬೇಕು.

ತರಂಗ ಬೇರಿನ ಕೋಶಗಳ ವಿಭಜನೆಯನ್ನು ಕೆಡಿಸುತ್ತದೆಯೇ ಎಂದು ನೋಡುವ ಈ ಕೆಲಸಕ್ಕೆ ಈರುಳ್ಳಿಯಷ್ಟು ಅನುಕೂಲದ್ದು ಇನ್ನೊಂದಿಲ್ಲ. ವರ್ಣತಂತುಗಳು (ಕ್ರೋಮೋಸೋಮ್‌ಗಳು) 16, ಎಲ್ಲವೂ ದಪ್ಪ. ಬೇರಿನ ತುದಿಯ ಕೋಶವೊಂದು ಇಬ್ಭಾಗವಾಗಲು ಸುಮಾರು 20 ಗಂಟೆ ಸಾಕು. 1938ರಲ್ಲಿ ಸ್ವೀಡನ್ನಿನ ವಿಜ್ಞಾನಿ ಆಲ್ಬರ್ಟ್ ಲೆವಾನ್ ಕೋಶ ವಿಭಜನೆ ತಡೆಯುವ ಕಾಲ್ಚಿಸಿನ್ ಎಂಬ ರಾಸಾಯನಿಕದ ಪರಿಣಾಮ ನೋಡಿದ್ದೂ ಈ ಬೇರಿನಲ್ಲೇ.

ಒಂದೇ ಗಾತ್ರದ 12 ಗಡ್ಡೆಗಳನ್ನು ಆರಿಸಿ, ಕೆಟ್ಟರೆ ಇರಲಿ ಎಂದು ಇನ್ನೂ ನಾಲ್ಕು. ಮೊಳಕೆ ತಡೆಯುವ ಮೆಲಿಕ್ ಹೈಡ್ರಜೈಡ್ ಸಿಂಪಡಿಸಿದ ಈರುಳ್ಳಿ ಬೇಡ. ಅದು ಬೇರು ಬಿಡುವುದಿಲ್ಲ, ಬಿಟ್ಟರೂ ಆ ರಾಸಾಯನಿಕವೇ ವರ್ಣತಂತು ಮುರಿಯುತ್ತದೆ. ಒಣಗಿದ ಹಳೆಯ ಬೇರನ್ನು ಕೆರೆದು ತೆಗೆಯಿರಿ, ಬೇರು ಹುಟ್ಟುವ ಉಂಗುರಕ್ಕೆ ಮಾತ್ರ ಗಾಯ ಮಾಡಬೇಡಿ. ಬುಡವಷ್ಟೇ ನೀರಿಗೆ ತಾಗುವಂತೆ ಸಣ್ಣ ಗಾಜಿನ ಲೋಟಗಳ ಮೇಲೆ ಕೂರಿಸಿ ಕತ್ತಲಲ್ಲಿಡಿ. ಎರಡು ಮೂರು ದಿನಕ್ಕೆ ಬೇರು 1 ಸೆಂ.ಮೀ. ಬಂದಾಗ ತಲಾ ಆರರ ಎರಡು ಗುಂಪು ಮಾಡಿ. ಯಾವುದು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ.

ಒಂದೇ ಮಾದರಿಯ ಎರಡು ರೌಟರ್‌ಗಳನ್ನು ಒಂದೇ ರೀತಿಯ ಎರಡು ಕೋಣೆಗಳಲ್ಲಿಟ್ಟು, ಎರಡಕ್ಕೂ ವಿದ್ಯುತ್ ಕೊಟ್ಟು, ಒಂದರ ವೈಫೈ ಮಾತ್ರ ಸೆಟಿಂಗ್‌ನಲ್ಲಿ ಆಫ್ ಮಾಡಿ. ಲೋಟಗಳು ಆಂಟೆನಾದಿಂದ 20 ಸೆಂ.ಮೀ. ದೂರದಲ್ಲಿ ಕಮಾನಿನಂತೆ ನಿಲ್ಲಲಿ. ದೂರ ಇಮ್ಮಡಿಯಾದರೆ ತೀವ್ರತೆ ಕಾಲು ಭಾಗಕ್ಕೆ ಇಳಿಯುವುದರಿಂದ ಕಣ್ಣಳತೆ ಬೇಡ, ಸ್ಕೇಲ್ ಹಿಡಿಯಿರಿ. ನಡುವೆ 5 ಸೆಂ.ಮೀ. ದಪ್ಪದ ಥರ್ಮಾಕೋಲ್ ನಿಲ್ಲಿಸಿ: ಅದು ಶಾಖ ತಡೆಯುತ್ತದೆ, ತರಂಗ ಬಿಡುತ್ತದೆ. ಅಲ್ಯೂಮಿನಿಯಂ ಹಾಳೆ ಸುತ್ತಿ ಹೋಲಿಕೆಯ ಗುಂಪು ಮಾಡುವವರಿದ್ದಾರೆ. ಅದರಿಂದ ಗಾಳಿ, ತೇವ ಎರಡೂ ಬದಲಾಗಿ ಹೋಲಿಕೆಯೇ ಕೆಡುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ಇನ್ನೊಂದು ಕಡೆ. ಸುಮ್ಮನೆ ಆನ್ ಮಾಡಿಟ್ಟ ರೌಟರ್ ಸೆಕೆಂಡಿಗೆ ಹತ್ತರಷ್ಟು ಚಿಕ್ಕ ಸಂಕೇತಗಳನ್ನು ಕಳಿಸಿ ಉಳಿದ ಹೊತ್ತು ಬಹುತೇಕ ಮೌನವಾಗಿರುತ್ತದೆ. ರೌಟರೇ ಸತತವಾಗಿ ಪ್ರಸಾರ ಮಾಡಬೇಕಾದರೆ ತಂತಿಯಲ್ಲಿ ಜೋಡಿಸಿದ ಕಂಪ್ಯೂಟರಿನಿಂದ ವೈಫೈ ಮೂಲಕ ಇನ್ನೊಂದು ಸಾಧನಕ್ಕೆ ದೊಡ್ಡ ಫೈಲನ್ನು ಎಡೆಬಿಡದೆ ಕಳಿಸುತ್ತಿರಬೇಕು. ಆ ಸಾಧನ ಲೋಟಗಳಿಂದ ದೂರವಿರಲಿ. ಹೀಗೆ 48 ಗಂಟೆ.

ಲೋಟದ ನೀರಿನ ಉಷ್ಣತೆಯನ್ನು ಮದ್ಯಸಾರದ ಗಾಜಿನ ಥರ್ಮಾಮೀಟರಿನಲ್ಲಿ ದಿನಕ್ಕೆ ನಾಲ್ಕು ಸಲ ಬರೆದಿಡಿ. ಲೋಹದ ತಂತಿಯ ಸಂವೇದಕ ತಾನೇ ಆಂಟೆನಾದಂತೆ ವರ್ತಿಸಿ ತಪ್ಪು ಅಂಕಿ ತೋರಿಸಬಹುದು. ಎರಡು ಗುಂಪಿನ ನಡುವೆ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಸುತ್ತನ್ನು ಬಿಟ್ಟುಬಿಡಿ.

ಎರಡೂ ಗುಂಪಿನ ಬೇರನ್ನು ಒಂದೇ ಗಂಟೆಗೆ ಕತ್ತರಿಸಿ. ಮೂರು ಪಾಲು ಶುದ್ಧ ಈಥೈಲ್ ಆಲ್ಕೋಹಾಲ್‌ಗೆ ಒಂದು ಪಾಲು ಗ್ಲೇಸಿಯಲ್ (ನೀರು ಬೆರೆಸದ) ಅಸಿಟಿಕ್ ಆಮ್ಲ ಆಗಷ್ಟೇ ಬೆರೆಸಿ, 24 ಗಂಟೆ ಅದರಲ್ಲಿಡಿ. ಆಮೇಲೆ 70 ಶೇಕಡಾ ಆಲ್ಕೋಹಾಲಿಗೆ ಹಾಕಿ ಫ್ರಿಜ್‌ನಲ್ಲಿಡಬಹುದು. ಈ ಹಂತದಲ್ಲೇ ಬೇರೊಬ್ಬರಿಂದ ಸೀಸೆಗಳಿಗೆ ಗುಟ್ಟಿನ ಸಂಖ್ಯೆ ಹಾಕಿಸಿ. ಯಾವ ಗುಂಪು ಎಂದು ಗೊತ್ತಿದ್ದು ಎಣಿಸುವ ಕಣ್ಣು ತಾನು ಬಯಸಿದ್ದನ್ನೇ ಕಾಣುತ್ತದೆ.

ಬಣ್ಣ ಹಾಕುವ ಮುಂಚೆ ಬೇರನ್ನು 1 ನಾರ್ಮಲ್ ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 60 ಡಿಗ್ರಿಗೆ ಐದರಿಂದ ಎಂಟು ನಿಮಿಷ ಇಡಬೇಕು. ಗಾಢ ಆಮ್ಲವನ್ನು ನೀರಿಗೆ ಸುರಿಯಿರಿ, ನೀರನ್ನು ಆಮ್ಲಕ್ಕಲ್ಲ. ಕನ್ನಡಕ, ಕೈಗವಸು ಕಡ್ಡಾಯ. ಸಮಯ ಕಡಿಮೆಯಾದರೆ ಕೋಶಗಳು ಬಿಡಿಸಿಕೊಳ್ಳದೆ ಒಂದರ ಮೇಲೊಂದು ಕೂರುತ್ತವೆ, ಹೆಚ್ಚಾದರೆ ತುದಿ ಚಿಮುಟದಲ್ಲೇ ಕರಗುತ್ತದೆ. ತೊಳೆದು ಅಸಿಟೋಕಾರ್ಮಿನ್ ಎಂಬ ಕೆಂಪು ಬಣ್ಣದಲ್ಲಿ ಅರ್ಧ ಗಂಟೆ ಬಿಟ್ಟರೆ ಕೊನೆಯ ಒಂದೆರಡು ಮಿ.ಮೀ. ಉಳಿದ ಬೇರಿಗಿಂತ ಗಾಢ ಕೆಂಪಾಗುತ್ತದೆ. ಬೇಕಾದ್ದು ಅಷ್ಟೇ, ಉಳಿದದ್ದನ್ನು ಕತ್ತರಿಸಿ ಬಿಸಾಡಿ. 45 ಶೇಕಡಾ ಅಸಿಟಿಕ್ ಆಮ್ಲದ ಒಂದು ಹನಿಯಲ್ಲಿಟ್ಟು ಕವರ್‌ಸ್ಲಿಪ್ ಮುಚ್ಚಿ, ಪೆನ್ಸಿಲಿನ ಹಿಂತುದಿಯಿಂದ ಮೆತ್ತಗೆ ತಟ್ಟಿ. ಕೆಂಪು ಚುಕ್ಕೆ ಮೋಡದಂತೆ ಹರಡಿದ ಮೇಲೆ ಸೋಸುಕಾಗದ ಹಾಕಿ ಹೆಬ್ಬೆರಳಿನಿಂದ ನೇರ ಒತ್ತಿ. ಕವರ್‌ಸ್ಲಿಪ್ ಪಕ್ಕಕ್ಕೆ ಜಾರಿದರೆ ಕೋಶಗಳು ಹೊರಳಿ ಸುರುಳಿಯಾಗುತ್ತವೆ.

400 ಪಟ್ಟು ವರ್ಧನೆಯಲ್ಲಿ ಪ್ರತಿ ಗಡ್ಡೆಯಿಂದ 1000 ಕೋಶ ಎಣಿಸಿ. ವಿಭಜನೆಯಲ್ಲಿರುವವು 80 ಇದ್ದರೆ ಮೈಟೋಟಿಕ್ ಸೂಚ್ಯಂಕ 8 ಶೇಕಡಾ. ಅನಾಫೇಸ್‌ನಲ್ಲಿ (ವರ್ಣತಂತುಗಳು ಕೋಶದ ಎರಡು ತುದಿಗೆ ಸರಿಯುವ ಹಂತ) ಎರಡು ಧ್ರುವಗಳ ನಡುವೆ ಎಳೆದ ನೂಲಿನಂತೆ ನಿಂತ ಸೇತುವೆ, ಹಿಂದುಳಿದ ವರ್ಣತಂತು, ಮುಖ್ಯ ಕೋಶಕೇಂದ್ರದ ಪಕ್ಕದ ಪುಟ್ಟ ಕೇಂದ್ರ, ಇವನ್ನು ಬೇರೆ ಬೇರೆ ದಾಖಲಿಸಿ. ಬಣ್ಣದ ಕಣವನ್ನು ಪುಟ್ಟ ಕೇಂದ್ರವೆಂದು ಎಣಿಸುವುದು ಸಾಮಾನ್ಯ ತಪ್ಪು. ನಿಜವಾದದ್ದು ದುಂಡಗಿರುತ್ತದೆ, ಫೋಕಸ್ ತಿರುಗಿಸಿದಾಗ ಮುಖ್ಯ ಕೇಂದ್ರದ ಮಟ್ಟದಲ್ಲೇ ಸ್ಪಷ್ಟವಾಗುತ್ತದೆ.

ಲೆಕ್ಕ ಹಾಕುವಾಗ ಮಾದರಿಯ ಸಂಖ್ಯೆ ಗುಂಪಿಗೆ ಆರು ಗಡ್ಡೆ, ಆರು ಸಾವಿರ ಕೋಶವಲ್ಲ. ಒಂದೇ ಗಡ್ಡೆಯ ಕೋಶಗಳು ಪರಸ್ಪರ ಸ್ವತಂತ್ರವಲ್ಲದ ಕಾರಣ, ಕೋಶಗಳನ್ನೇ ಮಾದರಿ ಎಂದರೆ ಇಲ್ಲದ ವ್ಯತ್ಯಾಸವೂ ದೊಡ್ಡದಾಗಿ ಕಾಣುತ್ತದೆ. ವ್ಯತ್ಯಾಸ ಸಿಕ್ಕರೆ ಹೊಸ ಗಡ್ಡೆ ತಂದು, ಪ್ರಸಾರ ಮಾಡುವ ರೌಟರನ್ನು ಆಚೆ ಕೋಣೆಗೂ ವೈಫೈ ಆಫ್ ಮಾಡಿದ್ದನ್ನು ಈಚೆಗೂ ಅದಲುಬದಲು ಮಾಡಿ ಮತ್ತೆ ನಡೆಸಿ. ವ್ಯತ್ಯಾಸ ರೌಟರ್ ಜೊತೆ ಹೋಗದೆ ಹಳೆಯ ಕೋಣೆಯಲ್ಲೇ ಉಳಿದರೆ, ನೀವು ಅಳೆದದ್ದು ಆ ಕೋಣೆಯ ಗುಣವನ್ನು.