ಮುತ್ತಿನ ಓಲೆಯ ಹುಡುಗಿಯನ್ನು ಏಳು ಸಲ ಬರೆದೆ

ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಆಯಿಲ್ ಪೇಂಟಿಂಗ್ ಆಗಲ್ಲ, ನಕಲು ಮಾಡಿದರೆ ಮುಖ ಬರೆಯೋದು ಬರಲ್ಲ. ಈ ಎರಡು ಮಾತು ಕೇಳಿ ಕೇಳಿ ಸಾಕಾಗಿತ್ತು. ಎರಡೂ ಆಗುತ್ತೆ. ಡಚ್ ಚಿತ್ರಕಾರ ವರ್ಮೀರ್ 1665ರ ಸುಮಾರಿಗೆ ಬರೆದ ಮುತ್ತಿನ ಓಲೆಯ ಹುಡುಗಿ ಚಿತ್ರವನ್ನು ಏಳು ಸಲ ಬರೆದೆ, ಏಳನೆಯದು ಕೂತಿತು.

ಮೊದಲ ಎರಡು ಕೆಟ್ಟಿದ್ದು ಪ್ರಿಂಟ್‌ನಿಂದ. ಮೂಲದ ಅಳತೆಗೇ, 44.5 ಸೆಂ.ಮೀ. ಎತ್ತರ 39 ಅಗಲಕ್ಕೆ, ಶಿವಮೊಗ್ಗದಲ್ಲಿ ತೆಗೆಸಿದ್ದೆ. ಕೆನ್ನೆ ಕೆಂಪಗೆ ಬಂದಿತ್ತು, ಅದನ್ನೇ ನಂಬಿ ತಿಂಗಳುಗಟ್ಟಲೆ ಕೆಂಪು ಬೆರೆಸಿದೆ. ಮೂರನೆಯದನ್ನು ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ಒಣಗಲು ಇಟ್ಟೆ, ಹಸಿ ಬಣ್ಣಕ್ಕೆ ಮಸಿ ಕೂತು ಹಣೆ ತುಂಬಾ ಕಪ್ಪು ಚುಕ್ಕಿ. ನಾಲ್ಕನೆಯದರ ಕ್ಯಾನ್ವಾಸ್ ಹಿಂದೆ ಬೂಷ್ಟು ಹಿಡಿಯಿತು. ಅಷ್ಟೊತ್ತಿಗೆ ಸುಮಾರು ಒಂಬತ್ತು ಸಾವಿರ ಹೋಗಿತ್ತು, ಜಾಸ್ತಿ ಖರ್ಚು ಬಿಳಿ ಬಣ್ಣದ್ದೇ.

ದಾರಿ ಸಿಕ್ಕಿದ್ದು ಬರ್ಂಟ್ ಅಂಬರ್ ಅನ್ನೋ ಕಡುಕಂದು ಬಣ್ಣದಲ್ಲಿ. ಅದರಲ್ಲಿ ಮ್ಯಾಂಗನೀಸ್ ಇರೋದರಿಂದ ಪುನರ್ವಸು ಮಳೆ ಹುಯ್ಯುವಾಗಲೂ ಬೇರೆ ಬಣ್ಣಕ್ಕಿಂತ ಬೇಗ ಒಣಗುತ್ತೆ. ಇಡೀ ಮುಖವನ್ನು ಅದೊಂದರಲ್ಲೇ ತೆಳ್ಳಗೆ ಬರೆದು, ಬೆಳಕು ಬೀಳುವ ಕಡೆ ಬಟ್ಟೆಯಿಂದ ಒರೆಸಿ ತೆಗೆದೆ. ಈ ಪದರಕ್ಕೆ ಬಿಳಿ ಮುಟ್ಟಲಿಲ್ಲ. ಹಳೆ ಪ್ಲೈವುಡ್‌ನಲ್ಲಿ ಒಂದು ಪೆಟ್ಟಿಗೆ ಮಾಡಿ, ಒಳಗೆ 60 ವ್ಯಾಟ್‌ನ ಹಳೇ ಕಾಲದ ಬಲ್ಬು ಹಾಕಿ, ಗಾಳಿಯಾಡಲು ತೂತು ಬಿಟ್ಟೆ. ನಾಲ್ಕೈದು ದಿನಕ್ಕೆ ಗಟ್ಟಿ. ಎಣ್ಣೆಗೆ ಏನು ಎಷ್ಟು ಬೆರೆಸುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ, ಅದಕ್ಕೆ ಎರಡು ಮಳೆಗಾಲ ಕೊಟ್ಟಿದ್ದೇನೆ.

ಹಿನ್ನೆಲೆಯ ಕಪ್ಪು ಮೊದಲು ಹಸಿರು ಪರದೆ ಆಗಿತ್ತು ಅಂತ ಮೂಲ ಚಿತ್ರ ಇರುವ ನೆದರ್‌ಲ್ಯಾಂಡ್ಸ್‌ನ ಹೇಗ್‌ನ ಮಾರಿಟ್ಸ್‌ಹೌಸ್ ಮ್ಯೂಸಿಯಂನವರು 2020ರಲ್ಲಿ ತಿಳಿಸಿದರಲ್ವಾ, ಅದನ್ನು ಆರನೆಯದರಲ್ಲಿ ಮಾಡಿ ನೋಡಿದೆ. ಒಣಗಿದ ಕಪ್ಪಿನ ಮೇಲೆ ಅಲ್ಟ್ರಾಮರೀನ್ ನೀಲಿ ಮತ್ತು ಹಳದಿ ಸೇರಿಸಿ ತೆಳ್ಳಗೆ ಎಳೆದೆ. ಒಳ್ಳೆ ಆಳ ಬಂತು, ಆದರೆ ಮೂರು ವಾರ ಅಂಟಂಟು.

ಕೊನೆಗೂ ಸತಾಯಿಸಿದ್ದು ಮೂಗು. ಮೂಗಿನ ಏಣು ಮತ್ತು ಆಚೆ ಕೆನ್ನೆ ನಡುವೆ ವರ್ಮೀರ್ ಗೆರೆಯನ್ನೇ ಎಳೆದಿಲ್ಲ, ಎರಡೂ ಒಂದೇ ಬಣ್ಣದಲ್ಲಿ ಸೇರಿಹೋಗಿವೆ. ನಾನು ಆರು ಸಲವೂ ಗೆರೆ ಎಳೆದಿದ್ದೆ. ಏಳನೇ ಸಲ ಬಿಟ್ಟೆ, ಮೂಗು ತಾನಾಗೇ ಎದ್ದು ನಿಂತಿತು! ಮುತ್ತಿಗೂ ಕೊಂಡಿಯಿಲ್ಲ. ಮೇಲೊಂದು ದಪ್ಪ ಬಿಳಿ, ಕೆಳಗೆ ಕಾಲರಿನ ಮಂದ ಬಿಂಬ, ಅಷ್ಟೇ.

ಅದನ್ನು ನೋಡಿದ ಅಡಿಕೆ ಮಂಡಿಯವರೊಬ್ಬರು ತಮ್ಮ ತಂದೆಯ ಚಿತ್ರ ಕೇಳಿದ್ದಾರೆ, ಹನ್ನೆರಡು ಸಾವಿರಕ್ಕೆ. ಅಂಬರ್ ಪದರ ಮುಗಿದು ಪೆಟ್ಟಿಗೆಯಲ್ಲಿದೆ. ಮೀಸೆ ಇನ್ನೂ ಬರೆದಿಲ್ಲ.