‘ಇನ್ ದ ಹೀಟ್ ಆಫ್ ದ ನೈಟ್’: ಕಾದಂಬರಿಯನ್ನೂ ಸಿನಿಮಾವನ್ನೂ ಹೋಲಿಸುವುದು ಹೇಗೆ

ಜಾನ್ ಬಾಲ್ ಅವರ ಈ ಕಾದಂಬರಿ ಹೊರಬಂದದ್ದು 1965ರಲ್ಲಿ. ನಾರ್ಮನ್ ಜ್ಯುವಿಸನ್ ಅದನ್ನು ತೆರೆಗೆ ತಂದದ್ದು 1967ರಲ್ಲಿ. ಕಥೆಯ ಎಲುಬು ಎರಡರಲ್ಲೂ ಒಂದೇ. ಅಮೆರಿಕದ ದಕ್ಷಿಣದ ಸಣ್ಣ ಊರಲ್ಲಿ ಕೊಲೆಯಾಗುತ್ತದೆ, ರೈಲಿಗೆ ಕಾಯುತ್ತಿದ್ದ ಅಪರಿಚಿತ ಕಪ್ಪು ವರ್ಣೀಯನನ್ನು ಪೊಲೀಸರು ಹಿಡಿದು ತರುತ್ತಾರೆ, ಅವನು ಕೊಲೆ ಪ್ರಕರಣಗಳಲ್ಲಿ ಪಳಗಿದ ಪೊಲೀಸ್ ಅಧಿಕಾರಿ ವರ್ಜಿಲ್ ಟಿಬ್ಸ್ ಎಂದು ಆಮೇಲೆ ಗೊತ್ತಾಗುತ್ತದೆ.

ಮೊದಲು ಕಾದಂಬರಿ ಓದಿ. ಸಿನಿಮಾದಲ್ಲಿ ಟಿಬ್ಸ್ ಆಗಿ ನಟಿಸಿದ ಸಿಡ್ನಿ ಪಾಯ್ಟಿಯರ್ ಮುಖ, ದನಿ ಒಮ್ಮೆ ತಲೆಯಲ್ಲಿ ಕೂತರೆ ಪುಸ್ತಕದ ಟಿಬ್ಸ್ ಮತ್ತೆ ಕಾಣಿಸುವುದು ಕಷ್ಟ. ಸಿನಿಮಾವನ್ನು ಎರಡು ಸಲ ನೋಡಿ: ಒಮ್ಮೆ ನಿಲ್ಲಿಸದೆ, ಇನ್ನೊಮ್ಮೆ ಪೆನ್ನು ಹಿಡಿದು, ಬೇಕಾದ ದೃಶ್ಯಗಳ ಸಮಯ ಗುರುತಿಸಿಕೊಳ್ಳುತ್ತ.

ಹಾಳೆಯ ಮೇಲೆ ಮೂರು ಅಂಕಣ ಎಳೆಯಿರಿ: ಪುಸ್ತಕದಲ್ಲಿ ಏನಿದೆ, ಸಿನಿಮಾದಲ್ಲಿ ಏನಾಯಿತು, ಅದರಿಂದ ವರ್ಣಭೇದದ ಚಿತ್ರಣ ಹೇಗೆ ಬದಲಾಯಿತು. ಪುಸ್ತಕದಲ್ಲಿನ ಕ್ಯಾರೊಲೈನಾದ ವೆಲ್ಸ್ ಎಂಬ ಊರು ಸಿನಿಮಾದಲ್ಲಿ ಮಿಸಿಸಿಪ್ಪಿಯ ಸ್ಪಾರ್ಟಾ ಆಗಿದೆ. ಪಸಡೀನಾದ ಟಿಬ್ಸ್ ಫಿಲಡೆಲ್ಫಿಯಾದವನಾಗಿದ್ದಾನೆ. ಸಂಗೀತೋತ್ಸವ ನಡೆಸಲು ಬಂದ ಮಾಂಟೋಲಿಯ ಬದಲು ಶಿಕಾಗೋದ ಉದ್ಯಮಿ ಕೋಲ್ಬರ್ಟ್ ಕೊಲೆಯಾಗುತ್ತಾನೆ. ಹೆಚ್ಚಿನ ಬರಹಗಳು ಸೊರಗುವುದು ಮೂರನೇ ಅಂಕಣ ಖಾಲಿ ಉಳಿಯುವುದರಿಂದ. ಕೋಲ್ಬರ್ಟ್ ಕಾರ್ಖಾನೆ ಕಟ್ಟಲು ಬಂದವನು. ಟಿಬ್ಸ್ ತನಿಖೆ ಮುಂದುವರಿಸದಿದ್ದರೆ ಕಾರ್ಖಾನೆಯೇ ಬರುವುದಿಲ್ಲ ಎಂದು ಕೋಲ್ಬರ್ಟ್‌ನ ಹೆಂಡತಿ ಪಟ್ಟು ಹಿಡಿಯುತ್ತಾಳೆ. ಊರು ಟಿಬ್ಸ್‌ನನ್ನು ಸಹಿಸಿಕೊಳ್ಳುವುದರ ಹಿಂದೆ ಕೂಲಿಯ, ಬಂಡವಾಳದ ಲೆಕ್ಕವಿದೆ ಎಂಬುದು ಹೀಗೆ ಬಯಲಾಗುತ್ತದೆ.

ಹೆಚ್ಚು ಹೊತ್ತು ಕೊಡಬೇಕಾದದ್ದು ಎಂಡಿಕಾಟ್ ಪಾತ್ರಕ್ಕೆ. ಪುಸ್ತಕದಲ್ಲಿ ಅವನು ಮಾಂಟೋಲಿಯ ಆತಿಥೇಯ, ಉದಾರಿ. ಸಿನಿಮಾದಲ್ಲಿ ಅದೇ ಹೆಸರಿನವನು ಹತ್ತಿ ತೋಟದ ಒಡೆಯ. ಅವನ ಮನೆಗೆ ಹೋಗುವ ದಾರಿಯಲ್ಲಿ ಕಪ್ಪುಜನ ಹತ್ತಿ ಬಿಡಿಸುವುದನ್ನು ಟಿಬ್ಸ್ ಕಾರಿನಿಂದ ನೋಡುತ್ತಾನೆ. ಆ ಮೌನವನ್ನು ಬಿಟ್ಟು ಮುಂದಿನ ಕಪಾಳಮೋಕ್ಷವನ್ನಷ್ಟೇ ವಿವರಿಸಿದರೆ ದೃಶ್ಯ ಅರ್ಧವಾಗುತ್ತದೆ. ಹಸಿರುಮನೆಯಲ್ಲಿ ಎಂಡಿಕಾಟ್ ಆರ್ಕಿಡ್ ಹೂಗಳ ಆರೈಕೆಯ ಮಾತನ್ನು ಕಪ್ಪುಜನರ ಮೇಲೆ ತಿರುಗಿಸುತ್ತಾನೆ. ಪ್ರಶ್ನೆ ಬಿಗಿಯಾದಾಗ ಎಂಡಿಕಾಟ್ ಟಿಬ್ಸ್‌ನ ಕೆನ್ನೆಗೆ ಹೊಡೆಯುತ್ತಾನೆ, ಟಿಬ್ಸ್ ತಕ್ಷಣ ತಿರುಗಿಸಿ ಹೊಡೆಯುತ್ತಾನೆ. ಎರಡನೇ ನೋಟದಲ್ಲಿ ಆ ಇಬ್ಬರನ್ನು ಬಿಟ್ಟು ಉಳಿದವರ ಮುಖ ನೋಡಿ: ಏನು ಮಾಡಬೇಕೆಂದು ತೋಚದ ಪೊಲೀಸ್ ಮುಖ್ಯಸ್ಥ ಗಿಲೆಸ್ಪಿ, ತಟ್ಟೆ ಹಿಡಿದು ನಿಂತ ಕಪ್ಪು ವರ್ಣೀಯ ಸೇವಕ. ಕಾದಂಬರಿಯಲ್ಲಿ ಈ ಏಟು ಇಲ್ಲ. ಅಲ್ಲಿ ಟಿಬ್ಸ್‌ನ ಅಸ್ತ್ರ ಸಂಯಮ. ಯಾವುದು ಹೆಚ್ಚು ದಿಟ್ಟ ಎಂಬುದಕ್ಕೆ ನೀವೇ ಉತ್ತರಿಸಬೇಕು, ಆಧಾರ ಕೊಟ್ಟು.

ಆಮೇಲೆ ಕೇಳಬೇಕಾದ್ದು: ಟಿಬ್ಸ್‌ನನ್ನು ನಾವು ಯಾರ ಕಣ್ಣಿಂದ ನೋಡುತ್ತಿದ್ದೇವೆ? ಕಾದಂಬರಿ ಬೆಳಗಿನ ಜಾವ ಮೂರಕ್ಕೆ ಹತ್ತು ನಿಮಿಷವಿರುವಾಗ, ಗಸ್ತಿನಲ್ಲಿರುವ ಬಿಳಿಯ ಪೊಲೀಸ್ ಸ್ಯಾಮ್ ವುಡ್ ಜೊತೆ ಶುರುವಾಗುತ್ತದೆ. ಮುಂದೆಯೂ ಬಿಳಿಯರ ಮನಸ್ಸಿನೊಳಗೆ ಹೊಕ್ಕು ಅಲ್ಲಿನ ಪೂರ್ವಗ್ರಹ ಅಲುಗಾಡುವುದನ್ನು ಹೇಳುತ್ತದೆ. ಸಿನಿಮಾಕ್ಕೆ ಆ ಒಳದನಿ ಇಲ್ಲ. ಅಲ್ಲಿ ಎಲ್ಲವೂ ಪಾಯ್ಟಿಯರ್ ಮತ್ತು ಗಿಲೆಸ್ಪಿ ಪಾತ್ರದ ರಾಡ್ ಸ್ಟೈಗರ್ ಮುಖಾಮುಖಿಯಲ್ಲಿ ನಡೆಯಬೇಕು. ಛಾಯಾಗ್ರಾಹಕ ಹ್ಯಾಸ್ಕೆಲ್ ವೆಕ್ಸ್ಲರ್ ಪಾಯ್ಟಿಯರ್ ಮೈಬಣ್ಣಕ್ಕೆ ತಕ್ಕಂತೆ ಬೆಳಕನ್ನು ಹೊಂದಿಸಿದ್ದು ಇಲ್ಲಿ ಬರೀ ತಾಂತ್ರಿಕ ವಿವರವಲ್ಲ. ಇಬ್ಬರೂ ನಿಂತಿರುವ ಒಂದು ಷಾಟ್ ನಿಲ್ಲಿಸಿ, ಯಾರ ಮುಖ ಎಷ್ಟು ಕಾಣುತ್ತದೆ, ಯಾರು ಯಾರನ್ನು ದಿಟ್ಟಿಸುತ್ತಿದ್ದಾರೆ ಬರೆದುಕೊಳ್ಳಿ.

ಪಾತ್ರಗಳ ಬೈಗುಳವನ್ನು ಕೃತಿಯ ನಿಲುವೆಂದು ಹೇಳಬೇಡಿ. ಹಾಗೆಂದು ಅದನ್ನು ಮೆದುಗೊಳಿಸಲೂ ಬೇಡಿ. ಒಂದೆಡೆ ಉದ್ಧರಿಸಿ, ಯಾರು ಯಾರಿಗೆ ಅಂದದ್ದು ಎಂದು ತಿಳಿಸಿದರೆ ಸಾಕು. ಹಿನ್ನೆಲೆಗೆ 1964ರ ನಾಗರಿಕ ಹಕ್ಕುಗಳ ಕಾಯ್ದೆ, 1965ರ ಮತದಾನ ಹಕ್ಕುಗಳ ಕಾಯ್ದೆ ನೆನಪಿಸಿ, ಜೊತೆಗೆ ಚಿತ್ರೀಕರಣದ ಸಂಗತಿಯನ್ನೂ ಸೇರಿಸಿ: ದಕ್ಷಿಣಕ್ಕೆ ಹೋಗಲು ಪಾಯ್ಟಿಯರ್ ಒಪ್ಪದ ಕಾರಣ ಮಿಸಿಸಿಪ್ಪಿಯ ಊರನ್ನು ಬಹುಪಾಲು ಇಲಿನಾಯ್‌ನಲ್ಲಿ ಚಿತ್ರೀಕರಿಸಲಾಯಿತು. ಹತ್ತಿ ತೋಟಕ್ಕಾಗಿ ಮಾತ್ರ ಸ್ವಲ್ಪ ದಿನ ಟೆನೆಸಿಗೆ ಹೋದರು.

ಕೊಲೆಗಾರನ ಹೆಸರು ಹೇಳಬೇಕಿಲ್ಲ. ಹೋಲಿಕೆಗೆ ಬೇಕಾದದ್ದೆಲ್ಲ ತನಿಖೆಯ ದಾರಿಯಲ್ಲೇ ಸಿಗುತ್ತದೆ.