ಮೊದಲು ಹಾಡಿ, ಆಮೇಲೆ ಊದಿ: ಸ್ಯಾಕ್ಸೊಫೋನ್‌ನಲ್ಲಿ ಜಾಝ್ ಟ್ಯೂನ್ ಕಲಿಯುವ ಬಗೆ

ಸ್ಕೇಲುಗಳು ಬೆರಳಿಗೆ ಕೂತಿವೆ, ನೊಟೇಶನ್ ಎದುರಿಗಿದ್ದರೆ ನುಡಿಸುತ್ತೀರಿ. ಆದರೆ ಪುಸ್ತಕ ಮುಚ್ಚಿದರೆ ಒಂದು ಟ್ಯೂನೂ ಪೂರ್ತಿ ಬರುವುದಿಲ್ಲ. ಈ ಹಂತ ದಾಟಲು ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ದಿಗ್ಗಜ ಚಾರ್ಲಿ ಪಾರ್ಕರ್ ಹಿಡಿದ ದಾರಿಯೇ ಇವತ್ತಿಗೂ ಒಳ್ಳೆಯದು.

1936ರಲ್ಲಿ ಕ್ಯಾನ್ಸಸ್ ಸಿಟಿಯ ರೀನೊ ಕ್ಲಬ್ಬಿನಲ್ಲಿ ದೊಡ್ಡವರ ಜೊತೆ ನುಡಿಸಲು ಹೋದ ಈ ಹುಡುಗ ನಡುವೆ ದಾರಿ ತಪ್ಪಿದ. ಡ್ರಮ್ಮರ್ ಜೋ ಜೋನ್ಸ್ ಸಿಂಬಲ್ (ಡ್ರಮ್ಮಿನ ಜೊತೆಗಿನ ಲೋಹದ ತಟ್ಟೆ) ಕಳಚಿ ಎಸೆದರು ಎಂಬ ಕತೆ ಜಾಝ್ ಬಲ್ಲವರಿಗೆಲ್ಲ ಗೊತ್ತು. ಮರುವರ್ಷ ಬೇಸಿಗೆಯಲ್ಲಿ ಓಝಾರ್ಕ್ ಬೆಟ್ಟಸೀಮೆಯಲ್ಲಿ ಬ್ಯಾಂಡ್ ಕೆಲಸ ಸಿಕ್ಕಾಗ ಕೌಂಟ್ ಬೇಸಿ ತಂಡದ ರೆಕಾರ್ಡುಗಳನ್ನು ಜೊತೆಗೆ ಒಯ್ದ. ಅವುಗಳಲ್ಲಿದ್ದ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಅವರ ಸೋಲೊಗಳನ್ನು (ಒಬ್ಬರೇ ಮನೋಧರ್ಮದಿಂದ ನುಡಿಸುವ ಭಾಗ) ಒಂದೊಂದು ಸ್ವರವೂ ಬಿಡದಂತೆ ಕಲಿತು ವಾಪಸಾದಾಗ ಊರಿಗೆ ಊರೇ ಬೆರಗಾಯಿತು.

ನೀವೂ ಲೆಸ್ಟರ್ ಯಂಗ್ ಅವರಿಂದಲೇ ಶುರುಮಾಡಿ. 1936ರ ನವೆಂಬರಿನಲ್ಲಿ ಷಿಕಾಗೊದಲ್ಲಿ ರೆಕಾರ್ಡ್ ಆದ ‘ಲೇಡಿ ಬಿ ಗುಡ್’ ತೆಗೆದುಕೊಳ್ಳಿ. ಟ್ಯೂನ್ 32 ಬಾರ್‌ಗಳದ್ದು; ಬಾರ್ ಎಂದರೆ ಇಲ್ಲಿ ನಾಲ್ಕು ಬೀಟಿನ ಒಂದು ಆವರ್ತ. ಎಂಟು ಬಾರ್‌ಗಳ ಒಂದು ಭಾಗ ಎರಡು ಸಲ ಬರುತ್ತದೆ, ನಡುವೆ ಬೇರೆ ಎಂಟು, ಮತ್ತೆ ಮೊದಲಿನದೇ. ಅಂದರೆ ನಿಜಕ್ಕೂ ಕಲಿಯಬೇಕಾದ್ದು 16 ಬಾರ್ ಮಾತ್ರ.

ಮೊದಲ ವಾರ ವಾದ್ಯ ಪೆಟ್ಟಿಗೆಯಲ್ಲೇ ಇರಲಿ. ಅಡುಗೆ ಮಾಡುವಾಗ, ಬಸ್ಸಿನಲ್ಲಿ ಕೂತಾಗ ಕೇಳಿ; ರೆಕಾರ್ಡಿನ ಜೊತೆ, ಆಮೇಲೆ ರೆಕಾರ್ಡ್ ಇಲ್ಲದೆ ಹಾಡಿ. ಸಾಹಿತ್ಯವನ್ನೂ ಬಾಯಿಪಾಠ ಮಾಡಿ. ವಾದಕನಿಗೆ ಹಾಡಿನ ಪದಗಳು ಗೊತ್ತಿರಲೇಬೇಕು ಎಂಬುದು ಲೆಸ್ಟರ್ ಯಂಗ್ ಅವರ ಹಟ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಸ್ವರಕ್ಕೆ ತೂಕ ಕೊಡಬೇಕು ಎಂಬುದನ್ನು ಸಾಹಿತ್ಯವೇ ಹೇಳಿಕೊಡುತ್ತದೆ. ಕರ್ನಾಟಕ ಸಂಗೀತದ ಪಾಠ ಹೇಳಿಸಿಕೊಂಡವರಿಗೆ ಇದು ಸಹಜ. ಗುರು ಒಂದು ಸಾಲು ಹಾಡಿದರೆ ತಿರುಗಿ ಹಾಡಿಯೇ ಅಭ್ಯಾಸ. ಆ ಪಾಠ ಜಾಝ್‌ಗೆ ಬಾರದು ಎಂದುಕೊಳ್ಳಬೇಡಿ. ಕರ್ನಾಟಕ ಮೂಲದ ದಂಪತಿಯ ಮಗ, ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರು ಪಾರ್ಕರ್ ಅನ್ನು ಆರಾಧಿಸಿ ಬೆಳೆದವರು. ಅವರೇ ನಮ್ಮ ಕದ್ರಿ ಗೋಪಾಲನಾಥ್ ಅವರ ಜೊತೆ ನುಡಿಸಿದ ‘ಕಿನ್ಸ್‌ಮೆನ್’ ಆಲ್ಬಂ 2008ರಲ್ಲಿ ಬಂತು.

ಈಗ ವಾದ್ಯ ತೆಗೆಯಿರಿ. ಮಂದ್ರದಿಂದ ಮೇಲಕ್ಕೆ ಉದ್ದುದ್ದ ಸ್ವರಗಳನ್ನು ಅಲುಗದಂತೆ ಹತ್ತು ನಿಮಿಷ ಊದಿ. ನಾದ ಗಟ್ಟಿಯಾಗದೆ ಮುಂದಿನದೆಲ್ಲ ವ್ಯರ್ಥ. ನಂತರ ಟ್ಯೂನಿನ ಮೊದಲ ಸ್ವರವನ್ನು ಹಾಡಿ, ಕೀಗಳ ಮೇಲೆ ಹುಡುಕಿ. ಸಿಕ್ಕಿದ ಮೇಲೆ ಒಂದೊಂದೇ ಸಾಲು: ಕೇಳಿ, ನಿಲ್ಲಿಸಿ, ಹಾಡಿ, ಊದಿ. ಫೋನಿನಲ್ಲಿ ವೇಗ ತಗ್ಗಿಸಿಕೊಳ್ಳಬಹುದು, ಬರೆದುಕೊಳ್ಳುವುದು ಮಾತ್ರ ಬೇಡ. ಮೆಟ್ರೊನೋಮ್‌ನ ಟಕ್ ಟಕ್ ಅನ್ನು ಒಂದು, ಮೂರರ ಮೇಲಲ್ಲ, ಎರಡು ಮತ್ತು ನಾಲ್ಕನೇ ಬೀಟಿನ ಮೇಲೆ ಕೇಳಿಸಿಕೊಳ್ಳಿ. ಮೊದಮೊದಲು ಲಯ ಜಾರುತ್ತದೆ, ಹಿಡಿತಕ್ಕೆ ಬಂತೆಂದರೆ ಸ್ವಿಂಗ್, ಅಂದರೆ ಜಾಝ್ ಲಯದ ತೂಗಾಟ, ತಾನಾಗಿ ಹುಟ್ಟುತ್ತದೆ.

ಕಾರ್ಡುಗಳನ್ನೂ (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು) ಕಿವಿಯಿಂದಲೇ ಹಿಡಿಯಿರಿ. ಮೊದಲು ತಳದ ಸ್ವರ ನುಡಿಸುವ ಬೇಸ್ ವಾದ್ಯ ಎಲ್ಲಿ ಊರುತ್ತದೆ ನೋಡಿ, ಆಮೇಲೆ ಪ್ರತಿ ಕಾರ್ಡಿನ ಮೂರನೇ ಮತ್ತು ಏಳನೇ ಸ್ವರಗಳನ್ನಷ್ಟೇ ನುಡಿಸಿ. ಜಿ ಸೆವೆನ್‌ನ ಏಳನೇ ಸ್ವರ ಎಫ್. ಸಿ ಕಾರ್ಡಿಗೆ ಬರುವಾಗ ಅದು ಅರ್ಧ ಸ್ವರ ಇಳಿದು ಇ ಆಗುತ್ತದೆ, ಅದೇ ಸಿ ಕಾರ್ಡಿನ ಮೂರನೆಯದು. ಈ ಇಳಿತ ಕಿವಿಗೆ ಬಿದ್ದ ದಿನ ಸೋಲೊಗಳ ಗುಟ್ಟು ಅರ್ಧ ಬಿಚ್ಚಿಕೊಳ್ಳುತ್ತದೆ. ಆಗಲೇ ಯಂಗ್ ಅವರ 64 ಬಾರ್‌ಗಳ ಸೋಲೊಗೆ ಕೈಹಾಕಿ. ದಿನಕ್ಕೆ ನಾಲ್ಕು ಬಾರ್ ಸಾಕು, ಆದರೆ ಅವರ ಉಸಿರು, ನಾಲಿಗೆಯ ಪೆಟ್ಟು, ಬೀಟಿಗಿಂತ ತುಸು ಹಿಂದೆ ವಾಲುವ ರೀತಿ ಎಲ್ಲವೂ ಬರಬೇಕು.

ಬಳಿಕ ಟ್ಯೂನನ್ನು ಹನ್ನೆರಡೂ ಶ್ರುತಿಗಳಲ್ಲಿ ನುಡಿಸಿ, ವಾರಕ್ಕೆ ಎರಡರಂತೆ. ಇದು ಬೇಸರದ ಕೆಲಸ ಹೌದು, ಬಿಡುವಂತಿಲ್ಲ. ಶುರುವಿನಲ್ಲಿ ಪಾರ್ಕರ್‌ಗೆ ಬೇರೆ ಬೇರೆ ಶ್ರುತಿಗಳಿವೆ ಎಂಬ ಯೋಚನೆಯೇ ಇರಲಿಲ್ಲ. ಮೂರು ನಾಲ್ಕು ವರ್ಷ ದಿನಕ್ಕೆ 11ರಿಂದ 15 ಗಂಟೆ ಸಾಧಕ ಮಾಡಿದ್ದಾಗಿ ಆತ 1954ರ ರೇಡಿಯೊ ಸಂದರ್ಶನದಲ್ಲಿ ಹೇಳಿದ್ದಾನೆ. ಉದ್ಯೋಗ, ಮನೆ ಇರುವ ನಮಗೆ ಅಷ್ಟು ಆಗದು. ದಿನವೂ ತಪ್ಪದ 45 ನಿಮಿಷ, ಭಾನುವಾರದ ನಾಲ್ಕು ಗಂಟೆಗಿಂತ ಮೇಲು. ನೆರೆಯವರ ಚಿಂತೆಯಿದ್ದರೆ ಬಟ್ಟೆ ತುಂಬಿದ ಬೀರು ತೆರೆದು ಅದರ ಕಡೆಗೆ ಊದಿ. ನೆರೆಮನೆಯವರಿಗೆ ತೊಂದರೆಯಾಗಬಾರದೆಂದೇ ಸ್ಯಾಕ್ಸೊಫೋನ್ ವಾದಕ ಸಾನಿ ರಾಲಿನ್ಸ್ 1959ರಿಂದ 1961ರವರೆಗೆ ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ಸಾಧಕ ಮಾಡಿದರು.

ಕೊನೆಗೆ, ಅದೇ ಕಾರ್ಡುಗಳ ಮೇಲೆ ನಿಮ್ಮದೇ ಒಂದು ಟ್ಯೂನ್ ಕಟ್ಟಿ. ಪಾರ್ಕರ್ 1945ರಲ್ಲಿ ‘ಚೆರೋಕಿ’ ಎಂಬ ಹಾಡಿನ ಕಾರ್ಡುಗಳ ಮೇಲೆ ‘ಕೊ-ಕೊ’ ಕಟ್ಟಿದ್ದು ಹೀಗೇ. ನಿಮ್ಮದು ಎಂಟೇ ಬಾರ್ ಇದ್ದರೂ ಪರವಾಗಿಲ್ಲ; ಗಿಟಾರೋ ಕೀಬೋರ್ಡೋ ನುಡಿಸುವ ಗೆಳೆಯರಿಗೆ ಹಾಡಿ ತೋರಿಸಿ, ಅವರೂ ಕೇಳಿಯೇ ಕಲಿಯಲಿ.